ಹಕೋನೆ: ಬಿಸಿನೀರಿನ ಬುಗ್ಗೆಗಳ ಇತಿಹಾಸ

ಹಕೋನೆ ಜಪಾನಿನ ಕನಗಾವಾ ಪ್ರಾಂತ್ಯದ ಬೆಟ್ಟಸೀಮೆ. ಬಿಸಿನೀರಿನ ಬುಗ್ಗೆಗಳಿಗೆ, ಜಪಾನೀಯರ ಮಾತಿನಲ್ಲಿ ಒನ್ಸೆನ್‌ಗಳಿಗೆ, ಶತಮಾನಗಳಿಂದ ಹೆಸರಾದದ್ದು. ಟೋಕಿಯೊದ ಶಿಂಜುಕು ನಿಲ್ದಾಣದಿಂದ ವೇಗದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. ಬೆಳಿಗ್ಗೆ ಹೊರಟು, ಬುಗ್ಗೆಯಲ್ಲಿ ಮಿಂದು, ರಾತ್ರಿ ಊಟದ ಹೊತ್ತಿಗೆ ಮನೆ ಸೇರಬಹುದು. ಹಾಗೆ ಹೋಗಿ ಬರುವುದಕ್ಕೆ ‘ಹಿಗಾಎರಿ’ ಎಂಬ ಪದವೇ ಬಳಕೆಯಲ್ಲಿದೆ. ಹಿಂದೆ ಇಲ್ಲಿಗೆ ರೋಗ ಕಳೆದುಕೊಳ್ಳಲು ಬಂದವರು ಏಳು ದಿನ ತಂಗಿ ಮೀಯುತ್ತಿದ್ದರು. ಆ ಏಳು ದಿನ ಒಂದು ದಿನಕ್ಕೆ ಇಳಿದದ್ದೇ ಹಕೋನೆಯ ಇತಿಹಾಸದ ಬಹುಪಾಲು. ಅದರ ಉದ್ದಕ್ಕೂ ಮಳೆ ಸುರಿಯುತ್ತಲೇ ಇದೆ.

ಬುಗ್ಗೆಗಳೂ ಮಳೆಯ ಕೂಸುಗಳೇ. ಹಕೋನೆ ಒಂದು ಜೀವಂತ ಜ್ವಾಲಾಮುಖಿ. ಸುಮಾರು 3,000 ವರ್ಷಗಳ ಹಿಂದೆ ಕಾಮಿಯಾಮಾ ಶಿಖರದ ಒಂದು ಮಗ್ಗುಲು ಕುಸಿದು ಹೊಳೆಗೆ ಅಡ್ಡಬಿತ್ತು. ಆಶಿ ಸರೋವರ ಆದದ್ದು ಹಾಗೆ. ಬೆಟ್ಟದ ಮೇಲೆ ಬಿದ್ದ ಮಳೆ ನೆಲದೊಳಗೆ ಇಂಗಿ, ಆಳದಿಂದ ಏರಿಬರುವ ಹಬೆಯೊಡನೆ ಬೆರೆತು, ಕಣಿವೆಗಳಲ್ಲಿ ಬಿಸಿನೀರಾಗಿ ಹೊರಬರುತ್ತದೆ. ಗಂಧಕದ ಹೊಗೆ ಏಳುವ ಓವಾಕುದಾನಿ ಕಣಿವೆಯಲ್ಲಿ ಈ ಕೆಲಸವನ್ನು ಮನುಷ್ಯರೂ ಮಾಡುತ್ತಾರೆ: ಜ್ವಾಲಾಮುಖಿಯ ಹಬೆಗೆ ನೀರು ಬೆರೆಸಿ, ಆ ಬಿಸಿನೀರನ್ನು ಕೊಳವೆಗಳಲ್ಲಿ ಕೆಳಗಿನ ಊರುಗಳಿಗೆ ಕಳಿಸುತ್ತಾರೆ. ಈ ಕಣಿವೆಯನ್ನು ಜನ ‘ನರಕ’ ಎನ್ನುತ್ತಿದ್ದರು. ಮೈಜಿ ಚಕ್ರವರ್ತಿಯ ಭೇಟಿಯ ಸಂದರ್ಭದಲ್ಲಿ, 1870ರ ದಶಕದಲ್ಲಿ, ‘ದೊಡ್ಡ ಕುದಿಯುವ ಕಣಿವೆ’ ಎಂಬ ಅರ್ಥದ ಈಗಿನ ಹೆಸರು ಬಂತು. ಇಲ್ಲಿನ ನೀರಿನಲ್ಲಿ ಬೇಯಿಸಿದ ಮೊಟ್ಟೆಯ ಚಿಪ್ಪು ಕಬ್ಬಿಣ ಮತ್ತು ಗಂಧಕ ಕೂಡಿ ಕಪ್ಪಗಾಗುತ್ತದೆ. ಒಂದು ತಿಂದರೆ ಆಯುಸ್ಸು ಏಳು ವರ್ಷ ಹೆಚ್ಚುತ್ತದೆಂಬ ನಂಬಿಕೆಯಿದೆ.

ಹಕೋನೆಯ ಯುಮೊತೊ ಎಂಬ ಊರಿನ ಬುಗ್ಗೆಯನ್ನು 738ರಲ್ಲಿ, ಸಿಡುಬು ಹಬ್ಬಿದ್ದ ಕಾಲದಲ್ಲಿ, ಒಬ್ಬ ಬೌದ್ಧ ಭಿಕ್ಷು ಪ್ರಾರ್ಥಿಸಿ ತೆರೆದನೆಂಬುದು ಸ್ಥಳಪುರಾಣ. 1590ರಲ್ಲಿ ಸೇನಾನಾಯಕ ಟೊಯೊಟೊಮಿ ಹಿದೆಯೋಶಿ ಬೆಟ್ಟದ ಬುಡದ ಒಡವಾರ ಕೋಟೆಗೆ ಮುತ್ತಿಗೆ ಹಾಕಿದಾಗ ಅವನ ಸೈನಿಕರು ಇಲ್ಲಿ ಮಿಂದರೆಂದು ಹೇಳುತ್ತಾರೆ. ಟೋಕಿಯೊ ಇನ್ನೂ ಎಡೊ ಎನಿಸಿಕೊಂಡು ಶೋಗನ್ ಎಂಬ ಸೇನಾಧಿಪತಿಯ ಆಡಳಿತದಲ್ಲಿದ್ದ ಕಾಲದಲ್ಲಿ ಯುಮೊತೊ, ತೊನೊಸಾವಾ, ಮಿಯಾನೊಶಿತಾ, ಆಶಿನೊಯು ಮೊದಲಾದ ಏಳು ಬುಗ್ಗೆಗಳು ಒಟ್ಟಾಗಿ ಪ್ರಸಿದ್ಧವಾದವು. ಪೀಪಾಯಿಗಳಲ್ಲಿ ತುಂಬಿದ ಬುಗ್ಗೆಯ ನೀರು ಎಡೊದ ಶೋಗನ್‌ನ ಅರಮನೆಗೂ ಹೋಗುತ್ತಿತ್ತು.

ಹಕೋನೆಯ ಅದೃಷ್ಟ, ಸಂಕಟ ಎರಡೂ ತೋಕೈಡೊ ಹೆದ್ದಾರಿಯವು. ಎಡೊದಿಂದ ಕ್ಯೋಟೊಗೆ ಹೋಗುವ ಈ ದಾರಿಯಲ್ಲಿ ಒಡವಾರದಿಂದ ಮಿಶಿಮಾವರೆಗಿನ ಸುಮಾರು 32 ಕಿಲೋಮೀಟರಿನ ಘಾಟಿಯೇ ಅತಿ ಕಷ್ಟದ್ದು. 1619ರಲ್ಲಿ ಸರೋವರದ ದಡದಲ್ಲಿ ತಪಾಸಣಾ ಠಾಣೆ ಬಂತು. ಎಡೊದಲ್ಲಿ ಒತ್ತೆಯಿಟ್ಟಿದ್ದ ಸಾಮಂತರ ಹೆಂಡಂದಿರು ತಪ್ಪಿಸಿಕೊಳ್ಳದಂತೆ ಇಲ್ಲಿ ಹೆಂಗಸರನ್ನು ಬಿಗಿಯಾಗಿ ತಡೆದು ನೋಡುತ್ತಿದ್ದರು. ಠಾಣೆಯನ್ನು ದಾಟಿದರೂ ಕೆಸರನ್ನು ದಾಟುವುದು ಸುಲಭವಿರಲಿಲ್ಲ. ಮಳೆ ಬಂದರೆ ಮೊಣಕಾಲುದ್ದ ಹೂತುಹೋಗುವ ದಾರಿಗೆ ವರ್ಷವರ್ಷವೂ ಬಿದಿರು ಕಡಿದು ಹಾಸುತ್ತಿದ್ದರು, ಅದು ವರ್ಷವರ್ಷವೂ ಕೊಳೆಯುತ್ತಿತ್ತು. 1680ರಲ್ಲಿ ಕಲ್ಲು ಹಾಸಿದರು. ಆ ಹಾಸುಗಲ್ಲು ಅಲ್ಲಲ್ಲಿ ಇಂದಿಗೂ ಉಳಿದಿದೆ. ಬಾಗಿ ನೋಡಿದರೆ ಕಲ್ಲುಗಳ ನಡುವೆ ಓರೆಯಾಗಿ ಹಾದ ಸಾಲೊಂದು ಕಾಣುತ್ತದೆ: ಮೇಲಿಂದ ಹರಿದು ಬರುವ ನೀರನ್ನು ದಾರಿಯಿಂದ ಪಕ್ಕಕ್ಕೆ ತಿರುಗಿಸುವ ಚರಂಡಿ. ಮಳೆಗಾಲದಲ್ಲಿ ಪಾಚಿಗಟ್ಟಿದ ಆ ಕಲ್ಲುಗಳ ಮೇಲೆ ಕಾಲು ಜಾರುತ್ತದೆ, ನಿಜ. ಆದರೂ ಆ ಓರೆ ಸಾಲನ್ನು ಹೊಂದಿಸಿದ ಕೈಗಳ ಜಾಣ್ಮೆಗೆ ಮಣಿಯಲೇಬೇಕು.

ಪ್ರಯಾಣಿಕರು ಹೆದ್ದಾರಿಯ ಅಧಿಕೃತ ತಂಗುದಾಣಗಳಲ್ಲೇ ರಾತ್ರಿ ಕಳೆಯಬೇಕೆಂಬ ಕಟ್ಟಳೆಯಿತ್ತು. ಯುಮೊತೊ ಅಂಥ ತಂಗುದಾಣವಲ್ಲ. ಆದರೆ ಯಾತ್ರೆಯ ಗುಂಪುಗಳು ಅಲ್ಲೇ ಒಂದು ರಾತ್ರಿ ಉಳಿದು ಬಿಸಿನೀರಿನಲ್ಲಿ ಮೈನೋವು ಕಳೆದುಕೊಳ್ಳತೊಡಗಿದವು. ಗಿರಾಕಿ ಕಳೆದುಕೊಂಡ, ಅಧಿಕೃತ ತಂಗುದಾಣವಾದ ಒಡವಾರದವರು 1805ರಲ್ಲಿ ದೂರು ಒಯ್ದರು. ತೀರ್ಪು ಯುಮೊತೊದ ಪರವಾಯಿತು. ಒಂದು ರಾತ್ರಿಯ ಸ್ನಾನಕ್ಕೆ ಒಪ್ಪಿಗೆ ಸಿಕ್ಕಿತು. ಯುದ್ಧಗಳಿಗಿಂತ ಈ ವ್ಯಾಜ್ಯವೇ ಹಕೋನೆಯ ಮುಖ್ಯ ತಿರುವು. ರೋಗಿಗಳ ಊರು ವಿಹಾರಿಗಳ ಊರಾದದ್ದು ಇಲ್ಲಿಂದ.

1869ರಲ್ಲಿ ಠಾಣೆ ಮುಚ್ಚಿತು. ಬುಗ್ಗೆಗಳಿಗೆ ಒಳ್ಳೆಯ ರಸ್ತೆ ಬೇಕೆಂದು ಚಿಂತಕ ಫುಕುಜಾವಾ ಯುಕಿಚಿ 1873ರಲ್ಲಿ ಊರವರನ್ನು ಒತ್ತಾಯಿಸಿದರು. ಯುಮೊತೊದ ಛತ್ರವೊಂದರ ಯಜಮಾನ ಫುಕುಜುಮಿ ಮಸಾಎ ಮುಂದಾಗಿ ನಿಂತು, 1875ರಲ್ಲಿ ಒಡವಾರದ ಕಡೆಯಿಂದ ಸುಂಕದ ರಸ್ತೆ ಮಾಡಿಸಿದರು. 1878ರಲ್ಲಿ ಮಿಯಾನೊಶಿತಾದಲ್ಲಿ ಫುಜಿಯಾ ಹೋಟೆಲ್ ತೆರೆದು ವಿದೇಶಿಯರನ್ನು ಸೆಳೆಯಿತು. 1888ರಲ್ಲಿ ಯುಮೊತೊವರೆಗೆ ಕುದುರೆ ಟ್ರಾಮ್ ಬಂತು.

1919ರಲ್ಲಿ ಯುಮೊತೊದಿಂದ ಬೆಟ್ಟದ ಮೇಲಿನ ಗೋರಾವರೆಗೆ ಹಕೋನೆ ತೋಜಾನ್ ರೈಲು ಓಡತೊಡಗಿತು. 8.9 ಕಿಲೋಮೀಟರಿನ ಈ ದಾರಿಯಲ್ಲಿ ಅತಿ ಕಡಿದಾದ ಕಡೆ ಸಾವಿರ ಮೀಟರಿಗೆ 80 ಮೀಟರ್ ಏರು. ನೇರ ಹತ್ತಲಾಗದ ಮೂರು ಕಡೆ ರೈಲು ನಿಂತು, ಹಿಂದುಮುಂದಾಗಿ ಹೊರಡುತ್ತದೆ. ಆಗ ಚಾಲಕನೂ ಗಾರ್ಡೂ ಇಳಿದು ಜಾಗ ಅದಲುಬದಲು ಮಾಡಿಕೊಳ್ಳುತ್ತಾರೆ. ತಿರುವುಗಳಲ್ಲಿ ಹಳಿಗೆ ಎಣ್ಣೆ ಹಾಕಿದರೆ ಗಾಡಿ ಜಾರೀತೆಂದು, ರೈಲು ತಾನೇ ಹೊತ್ತ ತೊಟ್ಟಿಯಿಂದ ನೀರು ಚಿಮುಕಿಸುತ್ತ ಸಾಗುತ್ತದೆ. ಜೂನ್, ಜುಲೈನ ಜಡಿಮಳೆಯಲ್ಲಿ ಹಳಿಯ ಎರಡೂ ಬದಿ ಹೈಡ್ರೇಂಜಿಯಾ ಹೂ ತುಂಬಿ ಕಿಟಕಿಗೆ ತಾಗುವಷ್ಟು ಹತ್ತಿರ ಬಂದಿರುತ್ತವೆ. ಮಳೆಯೆಂದು ಪ್ರವಾಸ ಕೈಬಿಡದೆ, ಮಳೆಗಾಗಿಯೇ ಜನ ಹೊರಡುವ ಕಾಲ ಅದು.

1936ರಲ್ಲಿ ಈ ಪ್ರದೇಶ ಫುಜಿ ಪರ್ವತದೊಡನೆ ರಾಷ್ಟ್ರೀಯ ಉದ್ಯಾನಕ್ಕೆ ಸೇರಿತು. 1950ರಲ್ಲಿ ಶಿಂಜುಕುವಿನ ರೈಲು ಯುಮೊತೊವರೆಗೆ ನೇರವಾಗಿ ಬಂದದ್ದೇ ತಡ, ಒಂದು ರಾತ್ರಿಯ ಊರು ಒಂದು ಹಗಲಿಗೆ ಎಟುಕಿತು.

2019ರ ಅಕ್ಟೋಬರ್ 12ರಂದು ಹಗಿಬಿಸ್ ಚಂಡಮಾರುತ ಹಕೋನೆಯ ಮೇಲೆ ಒಂದೇ ದಿನದಲ್ಲಿ 922.5 ಮಿಲಿಮೀಟರ್ ಮಳೆ ಸುರಿಸಿತು. ಜಪಾನಿನಲ್ಲಿ ಅಲ್ಲಿಯವರೆಗೆ ದಿನವೊಂದಕ್ಕೆ ದಾಖಲಾದ ಅತಿ ಹೆಚ್ಚು ಮಳೆ ಅದು. ಬೆಟ್ಟದ ರೈಲಿನ ಹಳಿ, ಸೇತುವೆ ಕೊಚ್ಚಿಹೋದವು. ಒಂಬತ್ತು ತಿಂಗಳ ದುರಸ್ತಿಯ ನಂತರ, 2020ರ ಜುಲೈ 23ರಂದು, ಯುಮೊತೊದಿಂದ ಗೋರಾಕ್ಕೆ ರೈಲು ಮತ್ತೆ ಹತ್ತಿತು.