ವೋಟಿಗೆ ನೋಟು, ಸೀಟಿಗೆ ಹರಾಜು: ಬಳ್ಳಾರಿ ಸೀಮೆಯ ಸ್ಥಳೀಯ ಚುನಾವಣೆಗಳು

ಮತಕ್ಕಾಗಿ ಹಣ, ಸೀರೆ, ಮದ್ಯ, ಬಾಡೂಟ ಹಂಚುವುದು ಚುನಾವಣಾ ಭ್ರಷ್ಟಾಚಾರದ ಹಳೆಯ ರೂಪ. ಮತದಾನವೇ ನಡೆಯದಂತೆ ಸ್ಥಾನವನ್ನು ಹರಾಜಿಗಿಟ್ಟು 'ಅವಿರೋಧ ಆಯ್ಕೆ' ಎಂದು ಘೋಷಿಸಿಕೊಳ್ಳುವುದು ಅದರ ಇನ್ನೊಂದು ರೂಪ. ಬಳ್ಳಾರಿ ಜಿಲ್ಲೆ ಎರಡರ ಸುದ್ದಿಯನ್ನೂ ಕೇಳಿದೆ.

ಪ್ರದೇಶ ಮತ್ತು ಆಡಳಿತ

2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಬಳ್ಳಾರಿ ಜಿಲ್ಲೆಯಲ್ಲಿ ಉಳಿದವು ಬಳ್ಳಾರಿ, ಸಂಡೂರು, ಸಿರುಗುಪ್ಪ, ಕಂಪ್ಲಿ, ಕುರುಗೋಡು ಎಂಬ 5 ತಾಲ್ಲೂಕುಗಳು. 39 ವಾರ್ಡ್‌ಗಳ ಬಳ್ಳಾರಿ ನಗರಕ್ಕೆ ಮಹಾನಗರ ಪಾಲಿಕೆಯಿದೆ. ತುಂಗಭದ್ರೆಯ ನೀರಿನಿಂದ ಭತ್ತದ ಬಯಲಾಗಿರುವ ಸಿರುಗುಪ್ಪಕ್ಕೆ ನಗರಸಭೆ, ದೊಡ್ಡಬಸವೇಶ್ವರನ ಊರಾದ ಕುರುಗೋಡಿಗೆ ಪುರಸಭೆ. ಹಳ್ಳಿಗಳನ್ನು ಗ್ರಾಮ ಪಂಚಾಯಿತಿಗಳು ನೋಡಿಕೊಳ್ಳುತ್ತವೆ. ಈ ಎಲ್ಲ ಸಂಸ್ಥೆಗಳ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ.

ಗ್ರಾಮ ಪಂಚಾಯಿತಿಯಲ್ಲಿ ಸರಿಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಮಕ್ಕಳನ್ನು ಬಿಟ್ಟರೆ ಮತದಾರರು ಇನ್ನೂ ಕಡಿಮೆ. ನಾಲ್ಕಾರು ಮನೆಗಳ ಮತ ಅತ್ತಿತ್ತ ಆದರೂ ಫಲಿತಾಂಶ ಬದಲಾಗುತ್ತದೆ. ಹಣವಂತರ ಕಣ್ಣು ಸಣ್ಣ ಚುನಾವಣೆಯ ಮೇಲೆ ಬೀಳಲು ಇದೇ ಕಾರಣ.

2020: ಹರಾಜಾದ ಸ್ಥಾನಗಳು

2020ರ ಡಿಸೆಂಬರ್ 22 ಮತ್ತು 27ರಂದು ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆಯಿತು. ಅದಕ್ಕೂ ಮುನ್ನ, ಬಳ್ಳಾರಿ ಜಿಲ್ಲೆಯ ಸಿಂಧಿಗೇರಿ ಪಂಚಾಯಿತಿಗೆ ಸೇರಿದ ಬೈಲೂರಿನ ಸದಸ್ಯ ಸ್ಥಾನಗಳು ₹50 ಲಕ್ಷಕ್ಕೂ ಹೆಚ್ಚು ಮೊತ್ತಕ್ಕೆ ಹರಾಜಾದವೆಂದು ಪತ್ರಿಕೆಗಳು ವರದಿ ಮಾಡಿದವು. ಬೇರೆ ಜಿಲ್ಲೆಗಳಿಂದಲೂ ಇಂಥ ಸುದ್ದಿಗಳು ಬಂದವು. ಹರಾಜು ಅಪರಾಧವೆಂದು ಆಯೋಗ ಸ್ಪಷ್ಟಪಡಿಸಿ, ಕ್ರಮ ಕೈಗೊಳ್ಳಲು ಜಿಲ್ಲಾಧಿಕಾರಿಗಳಿಗೆ ಸೂಚಿಸಿತು.

ಹರಾಜಿನ ಹಣ ಗುಡಿ ಕಟ್ಟಲು, ಊರಿನ ಕೆಲಸಕ್ಕೆ, ಜಗಳ ತಪ್ಪಿಸಲು ಎಂಬ ಸಮರ್ಥನೆ ಇಂಥ ಕಡೆ ಸಾಮಾನ್ಯ. ಆದರೆ ಹರಾಜಿನಲ್ಲಿ ಕೂಗಬಲ್ಲವರು ದುಡ್ಡಿದ್ದವರು ಮಾತ್ರ. ಪಂಚಾಯಿತಿಯಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗಗಳಿಗೂ ಮೀಸಲಾತಿಯಿದೆ. ಹರಾಜು ನಡೆದರೆ ಮೀಸಲು ಸ್ಥಾನವೂ ಹಣ ಹಾಕಿದವರ ಕೈಗೊಂಬೆಯಾಗುತ್ತದೆ. ಕೂಲಿಯವರ ಮನೆಯ ಹೆಣ್ಣುಮಗಳಿಗೆ ಸಂವಿಧಾನ ತೆರೆದ ಬಾಗಿಲನ್ನು ಊರ ಹಿರಿಯರು ಕಟ್ಟೆಯ ಮೇಲೆ ಕೂತು ಮುಚ್ಚಿದಂತೆ.

ಗಣಿ ಹಣದ ಅನುಭವ

ಹಣ ಮತ್ತು ಅಧಿಕಾರ ಕೈಜೋಡಿಸಿದರೆ ಏನಾಗುತ್ತದೆಂದು ಈ ಜಿಲ್ಲೆಗೆ ಗೊತ್ತು. ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ 2011ರ ಜುಲೈನಲ್ಲಿ ಸಲ್ಲಿಸಿದ ವರದಿ, ಅಕ್ರಮ ಗಣಿಗಾರಿಕೆಯಿಂದ ರಾಜ್ಯದ ಬೊಕ್ಕಸಕ್ಕೆ ₹16,000 ಕೋಟಿಗೂ ಹೆಚ್ಚು ನಷ್ಟವಾಗಿದೆಯೆಂದು ಅಂದಾಜಿಸಿತು. ಇದರ ವಿರುದ್ಧ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತ್ತು. ಅದೇ ತಿಂಗಳ 29ರಂದು ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ದಾಖಲೆ ಹಿಡಿದು ಕೇಳುವ ನಾಗರಿಕರಿದ್ದರೆ ಎಂಥ ಬಲಾಢ್ಯರನ್ನೂ ತಡೆಯಬಹುದು ಎಂಬುದಕ್ಕೆ ಇದು ಸಾಕ್ಷಿ.

ಕಾನೂನು ಏನು ಹೇಳುತ್ತದೆ

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 170ನೇ ಕಲಂ ಪ್ರಕಾರ ಮತಕ್ಕಾಗಿ ಲಂಚ ಕೊಡುವುದೂ ಪಡೆಯುವುದೂ ಅಪರಾಧ. 173ನೇ ಕಲಂ ಇದಕ್ಕೆ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಊಟ, ಮದ್ಯ, ಮನರಂಜನೆಯ ಆಮಿಷಕ್ಕೆ ದಂಡವಿದೆ. ಪಂಚಾಯಿತಿ ಫಲಿತಾಂಶ ಪ್ರಕಟವಾದ 30 ದಿನದೊಳಗೆ ಚುನಾವಣಾ ತಕರಾರು ಅರ್ಜಿ ಸಲ್ಲಿಸಲು ಅವಕಾಶವಿದೆ.

ದೇವರ ಮೇಲಿನ ಆಣೆ

ಹಣ ಕೊಟ್ಟವರು ದೇವರ ಪಟ, ಅರಿಶಿನ-ಕುಂಕುಮ ಮುಟ್ಟಿಸಿ ಪ್ರಮಾಣ ಮಾಡಿಸುವುದುಂಟು. ಮಾತು ತಪ್ಪಿದರೆ ಮಕ್ಕಳಿಗೆ ಕೇಡಾದೀತೆಂಬ ಭಯಕ್ಕೆ ಬಡ ತಾಯಂದಿರು ಕಟ್ಟುಬೀಳುತ್ತಾರೆ. ದೈವದ ಕೋಪಕ್ಕೆ ಗುರಿಯಾಗುವಿರೆಂದು ಮತದಾರರನ್ನು ನಂಬಿಸುವುದು ನ್ಯಾಯ ಸಂಹಿತೆಯ 171ನೇ ಕಲಂ ಪ್ರಕಾರ ಅನುಚಿತ ಪ್ರಭಾವ, ಅಂದರೆ ಇನ್ನೊಂದು ಅಪರಾಧ. ಹೀಗೆ ಮಾಡಿಸಿದ ಆಣೆಗೆ ಕಾನೂನಿನಲ್ಲಿ ಕವಡೆ ಕಿಮ್ಮತ್ತಿಲ್ಲ. ಮತ ಗುಪ್ತ, ಯಾರಿಗೆ ಹಾಕಿದಿರೆಂದು ಹೇಳುವಂತೆ ಯಾರೂ ಒತ್ತಾಯಿಸುವಂತಿಲ್ಲ.

ದೂರು ಕೊಡುವುದು ಹೇಗೆ

ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ ಸಿ-ವಿಜಿಲ್ ಆ್ಯಪ್‌ನಲ್ಲಿ ಫೋಟೊ ಅಥವಾ ವಿಡಿಯೊ ಕಳಿಸಬಹುದು. 100 ನಿಮಿಷದೊಳಗೆ ಕ್ರಮ ಅದರ ಗುರಿ. ದೂರುದಾರರ ಹೆಸರು ಬಹಿರಂಗವಾಗದಂತೆ ಕಳಿಸುವ ಅವಕಾಶವೂ ಇದೆ. ಸ್ಥಳೀಯ ಸಂಸ್ಥೆಗಳ ಚುನಾವಣೆಯಲ್ಲಿ ಚುನಾವಣಾಧಿಕಾರಿ, ತಹಶೀಲ್ದಾರ್, ಜಿಲ್ಲಾಧಿಕಾರಿ ಕಚೇರಿ ಅಥವಾ ಪೊಲೀಸ್ ಠಾಣೆಗೆ ಲಿಖಿತ ದೂರು ಕೊಡಬೇಕು. ದಿನ, ಸಮಯ, ಜಾಗ ನಮೂದಿಸಿ ಸ್ವೀಕೃತಿ ಪಡೆಯಿರಿ. ಓಣಿಯ ಹತ್ತು ಮಂದಿ ಸಹಿ ಹಾಕಿದ ಅರ್ಜಿಗೆ ತೂಕ ಹೆಚ್ಚು, ಒಬ್ಬರ ಮೇಲೆ ದ್ವೇಷ ತಿರುಗುವ ಭಯವೂ ಕಡಿಮೆ.

ಚುನಾವಣೆ ಮುಗಿದ ಮೇಲೆ

ಹಂಚಿದ ಹಣವನ್ನು ಗೆದ್ದವರು ಚರಂಡಿ, ರಸ್ತೆ, ಮನೆ ಮಂಜೂರಾತಿಯಲ್ಲಿ ವಸೂಲಿ ಮಾಡುತ್ತಾರೆ. ಆದ್ದರಿಂದ ಗ್ರಾಮಸಭೆ, ವಾರ್ಡ್ ಸಭೆಗಳಿಗೆ ಹೋಗಿ ಲೆಕ್ಕ ಕೇಳುವುದು, ಮಾಹಿತಿ ಹಕ್ಕಿನಲ್ಲಿ ಕಾಮಗಾರಿಯ ಬಿಲ್ ಪಡೆಯುವುದು ಈ ಹೋರಾಟದ ಅರ್ಧ ಭಾಗ. ವಸೂಲಿಯ ದಾರಿ ಮುಚ್ಚಿದರೆ ಹಣ ಹೂಡುವವರೂ ಹಿಂಜರಿಯುತ್ತಾರೆ. ಮನೆ ಬಾಗಿಲಿಗೆ ಬಂದ ಕವರ್ ವಾಪಸ್ ಕಳಿಸಿ. ಮುಂದಿನ 5 ವರ್ಷ ತಲೆ ಎತ್ತಿ ಪ್ರಶ್ನೆ ಕೇಳುವ ಹಕ್ಕನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ.