ವ್ಯಾಪಾರದ ಅಪಾಯಗಳೂ ಮುನ್ನರಿವಿನ ಲೆಕ್ಕವೂ

ವಾಣಿಜ್ಯವೃತ್ತಿಯಲ್ಲಿ ನಷ್ಟವು ಎರಡು ಬಗೆಯದು. ವ್ಯಾಪಾರಿಯ ಅಜಾಗ್ರತೆಯಿಂದ ಬರುವುದು ಒಂದು. ಆತನ ಕೈಮೀರಿದ ಕಾರಣಗಳಿಂದ, ಅಂದರೆ ಮಳೆ, ರೋಗ, ಯುದ್ಧ, ದೂರದೇಶದ ಪೇಟೆಯ ಕುಸಿತಗಳಿಂದ ಬರುವುದು ಇನ್ನೊಂದು. ಈ ಎರಡನೆಯ ಬಗೆಯ ಕೇಡನ್ನು ಅಂಕಿಅಂಶಗಳ ರಾಶಿಯಿಂದ ಮೊದಲೇ ಕಂಡುಹಿಡಿಯುವ ಯಂತ್ರಕಲಿಕೆಯೆಂಬ ವಿದ್ಯೆಯು ಇಂದು ಜಗತ್ತಿನ ದೊಡ್ಡ ವ್ಯಾಪಾರಸಂಸ್ಥೆಗಳೆಲ್ಲವನ್ನೂ ಆಕರ್ಷಿಸಿದೆ. ಆದರೆ ಮುನ್ನರಿವಿನ ಬಯಕೆ ಹೊಸದಲ್ಲ. ಅದರ ಚರಿತ್ರೆಯನ್ನು ತುಮಕೂರು ಸೀಮೆಯಲ್ಲಿ ನಿಂತು ನೋಡಿದರೆ ಇಂದಿಗೂ ಉಪಯುಕ್ತವಾದ ಎರಡು ಪ್ರಶ್ನೆಗಳು ಎದುರಾಗುತ್ತವೆ. ಲೆಕ್ಕ ತಪ್ಪಿದ ದಿನಕ್ಕೆ ಆಧಾರವೇನು? ಮೊದಲೇ ತಿಳಿದ ಅರಿವು ಯಾರ ಸೊತ್ತು?

ಗುಬ್ಬಿಯು ಬಹುಕಾಲದಿಂದ ವರ್ತಕರ ಊರು. ಮಲೆನಾಡಿನ ಅಡಿಕೆಯು ತಮಿಳುನಾಡಿನ ವಾಲಾಜಾಪೇಟೆಯ ಕಡೆಗೆ ಸಾಗುವ ಮಾರ್ಗದಲ್ಲಿ ಇದೊಂದು ಮುಖ್ಯ ಸಂಗ್ರಹಸ್ಥಾನವಾಗಿತ್ತು. ಇಲ್ಲಿನ ವಾರದ ಸಂತೆಗೆ ದೂರದೂರದ ವರ್ತಕರು ಬರುತ್ತಿದ್ದರು. ಅಡಿಕೆ, ಕೊಬ್ಬರಿಗಳನ್ನು ಕೊಳ್ಳುವವನಿಗೆ ಅಂದು ಇದ್ದ ದತ್ತಾಂಶವೆಂದರೆ ಕಿರ್ದಿ ಖಾತೆಗಳ ಹಳೆಯ ಪುಟಗಳು, ಮಳೆನಕ್ಷತ್ರಗಳ ಎಣಿಕೆ ಮತ್ತು ಎತ್ತಿನ ಗಾಡಿಯವರು ತರುತ್ತಿದ್ದ ಸುದ್ದಿ. ಸುದ್ದಿಯು ಸರಕಿನಷ್ಟೇ ನಿಧಾನವಾಗಿ ನಡೆಯುತ್ತಿದ್ದ ಕಾಲವದು.

ಆ ನಿಧಾನದ ಬೆಲೆ 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ತಿಳಿಯಿತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷವನ್ನು ಮೀರಿತ್ತು; 1881ರ ಗಣತಿಯಲ್ಲಿ ಅದು ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಬೆಂಗಳೂರಿಗೆ ರೈಲು 1864ರಲ್ಲಿಯೇ ಬಂದಿತ್ತು. ಅಲ್ಲಿಂದ ಒಳನಾಡಿಗೆ ಧಾನ್ಯ ಸಾಗಿಸಬೇಕಾದ ಎತ್ತುಗಳೇ ಮೇವು ನೀರಿಲ್ಲದೆ ಬಿದ್ದುಹೋದವು. ತುಮಕೂರಿಗೆ ರೈಲುಮಾರ್ಗ ತಲುಪಿದ್ದು 1884ರಲ್ಲಿ, ಕ್ಷಾಮವು ತನ್ನ ಕೆಲಸವನ್ನು ಮುಗಿಸಿದ ಮೇಲೆ.

ಈ ದುರಂತದ ಬಳಿಕ ಮಳೆಯ ಮುನ್ಸೂಚನೆಯು ರಾಜ್ಯಾಡಳಿತದ ಅಗತ್ಯವಾಯಿತು. 1875ರಲ್ಲಿ ಸ್ಥಾಪಿತವಾಗಿದ್ದ ಭಾರತ ಹವಾಮಾನ ಇಲಾಖೆಯ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್ ಹಿಮಾಲಯದ ಹಿಮಕ್ಕೂ ಮುಂಗಾರಿಗೂ ಇರುವ ಸಂಬಂಧವನ್ನು ಆಧರಿಸಿ 1880ರ ದಶಕದಲ್ಲಿ ಮುನ್ಸೂಚನೆ ಕೊಡಲಾರಂಭಿಸಿದನು. 1904ರಲ್ಲಿ ಇಲಾಖೆಯ ಹೊಣೆ ಹೊತ್ತ ಗಣಿತಜ್ಞ ಗಿಲ್ಬರ್ಟ್ ವಾಕರ್ ಇನ್ನೂ ದೂರ ಹೋದನು. ಜಗತ್ತಿನ ನಾನಾ ಭಾಗಗಳ ವಾಯುಒತ್ತಡ, ಉಷ್ಣತೆ, ಮಳೆಗಳ ಅಂಕಿಗಳನ್ನು ತರಿಸಿ, ಗುಮಾಸ್ತರ ತಂಡದಿಂದ ಕೈಲೆಕ್ಕದಲ್ಲಿಯೇ ಅವುಗಳ ಪರಸ್ಪರ ಸಂಬಂಧವನ್ನು ಅಳೆಸಿದನು. ಪೆಸಿಫಿಕ್ ಸಾಗರದ ಮೇಲೆ ಒತ್ತಡ ಏರಿದಾಗ ಹಿಂದೂ ಮಹಾಸಾಗರದ ಮೇಲೆ ಇಳಿಯುವ ತಕ್ಕಡಿಯಾಟವನ್ನು ಗುರುತಿಸಿ, 1924ರಲ್ಲಿ ಅದನ್ನು ದಕ್ಷಿಣದ ಆಂದೋಲನವೆಂದು ಕರೆದನು. ಗುಬ್ಬಿಯ ತೋಟಕ್ಕೆ ಬೀಳುವ ಮಳೆಯು ಸಾವಿರಾರು ಮೈಲಿ ಆಚೆಯ ಕಡಲಿನೊಡನೆ ಸಂಬಂಧ ಹೊಂದಿದೆಯೆಂಬುದು ಹೀಗೆ ಲೆಕ್ಕದಿಂದ ಹೊರಬಂದಿತು. ಇಂದಿನ ಯಂತ್ರಕಲಿಕೆಯ ಮೂಲತತ್ತ್ವವೂ ಇದೇ ಆಗಿದೆ. ಗತಕಾಲದ ದಾಖಲೆಗಳಲ್ಲಿ ಸಂಬಂಧಗಳನ್ನು ಹುಡುಕುವುದು, ಕೆಲವು ವರ್ಷಗಳ ಅಂಕಿಗಳನ್ನು ಬೇರೆಯಾಗಿ ತೆಗೆದಿರಿಸಿ ಅವುಗಳ ಮೇಲೆ ಆ ಸಂಬಂಧವನ್ನು ಪರೀಕ್ಷಿಸುವುದು, ಅನಂತರ ಮುಂದಿನ ವರ್ಷಕ್ಕೆ ಅನ್ವಯಿಸುವುದು. ಗುಮಾಸ್ತರ ತಂಡವು ತಿಂಗಳುಗಟ್ಟಲೆ ಮಾಡುತ್ತಿದ್ದುದನ್ನು ಯಂತ್ರವು ಕ್ಷಣಗಳಲ್ಲಿ, ಲಕ್ಷಪಟ್ಟು ಹೆಚ್ಚಿನ ಅಂಕಿಗಳ ಮೇಲೆ ಮಾಡುತ್ತದೆ.

ಹಾಗಾದರೆ ತಪ್ಪುವುದಿಲ್ಲವೆ? ಹವಾಮಾನ ಇಲಾಖೆಯು 1988ರಿಂದ ಹದಿನಾರು ಸೂಚಕಗಳ ಒಂದು ಮಾದರಿಯನ್ನು ಬಳಸುತ್ತಿತ್ತು. ಅಲ್ಲಿಂದ 2001ರವರೆಗೆ ದೇಶವ್ಯಾಪಿ ಬರ ಬೀಳಲಿಲ್ಲ. ಮಾದರಿಯೂ ಅದನ್ನೇ ನುಡಿಯುತ್ತ ಬಂದಿತು. ನಂಬಿಕೆ ಬಲಿಯಿತು. 2002ರಲ್ಲಿಯೂ ವಾಡಿಕೆಯ ಮಳೆಯೆಂದೇ ಮುನ್ಸೂಚನೆ ಹೊರಟಿತು. ಆದರೆ ಜುಲೈ ತಿಂಗಳ ಮಳೆ ಸುಮಾರು ಅರ್ಧಕ್ಕೆ ಕುಸಿದು, ಇಡೀ ಮುಂಗಾರು ಶೇ. 19ರಷ್ಟು ಕಡಿಮೆಯಾಯಿತು. ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. 1997ರಲ್ಲಿ ಪೆಸಿಫಿಕ್ ಸಾಗರವು ಶತಮಾನದ ಅತಿ ಪ್ರಬಲವಾದ ಎಲ್ ನಿನೊ ಲಕ್ಷಣವನ್ನು ತೋರಿದಾಗ ಬರವನ್ನು ನಿರೀಕ್ಷಿಸಿದವರು ಹಲವರು. ಭಾರತದ ಮುಂಗಾರು ವಾಡಿಕೆಯಂತೆಯೇ ಸುರಿಯಿತು. ಸತತವಾಗಿ ಹದಿನಾಲ್ಕು ವರ್ಷ ಸರಿಯಾದುದು ಹದಿನೈದನೆಯ ವರ್ಷಕ್ಕೆ ಜಾಮೀನಲ್ಲ.

ದಾಖಲೆಯಲ್ಲಿಯೇ ಇಲ್ಲದ ಅಪಾಯದ ಮಾತು ಬೇರೆ. 1998ರಲ್ಲಿ ಕೇರಳದಲ್ಲಿ ತೆಂಗಿನ ನುಸಿ ಕಾಣಿಸಿಕೊಂಡು, ಸ್ವಲ್ಪಕಾಲದಲ್ಲಿಯೇ ಕರ್ನಾಟಕದ ತೆಂಗಿನ ಸೀಮೆಗೆ ಹಬ್ಬಿತು. ತುಮಕೂರು ಜಿಲ್ಲೆಯ ತೋಟಗಳಲ್ಲಿ ಕಾಯಿ ಕಿರಿದಾಗಿ, ಸಿಪ್ಪೆ ಬಿರಿದು, ಕೊಬ್ಬರಿಯ ತೂಕ ಇಳಿಯಿತು. ಗುಬ್ಬಿಯ ವರ್ತಕನು ನೂರು ವರ್ಷಗಳ ಖಾತೆಯನ್ನು ತಿರುವಿದ್ದರೂ ಈ ನುಸಿಯ ಹೆಸರು ಅದರಲ್ಲಿ ಸಿಗುತ್ತಿರಲಿಲ್ಲ. ಆದರೆ 1960ರ ದಶಕದಲ್ಲಿಯೇ ಅದು ಮೆಕ್ಸಿಕೊದಲ್ಲಿ ಗುರುತಿಸಲ್ಪಟ್ಟು, ಪಶ್ಚಿಮ ಆಫ್ರಿಕದಲ್ಲಿಯೂ ದಾಖಲಾಗಿತ್ತು. ತನ್ನ ಖಾತೆಯನ್ನು ಮಾತ್ರ ಓದುವವನಿಗೆ ನೆರೆಮನೆಯ ಬೆಂಕಿ ಕಾಣದು. ಲೋಕದ ದಾಖಲೆಗಳನ್ನು ಒಟ್ಟುಗೂಡಿಸಿ ಓದುವುದೇ ಯಂತ್ರಕಲಿಕೆಯಿಂದ ದೊರೆಯಬಹುದಾದ ನಿಜವಾದ ಉಪಕಾರ. ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರವರಿಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಗೊಂಡಿದೆ. ಅಡಿಕೆಯ ಸಂತೆಗಿಂತ ಎಷ್ಟೋ ದೂರದ ಪೇಟೆಗಳಿಗೆ ಈ ಸೀಮೆಯ ಬಾಳು ಈಗ ಕಟ್ಟುಬಿದ್ದಿದೆ.

ಆದರೆ ಎಚ್ಚರಿಕೆಯು ಹೊರಟ ಮಾತ್ರಕ್ಕೆ ಕೇಡು ತಪ್ಪುವುದಿಲ್ಲ. ಟೊರೊಂಟೊ ನಗರದ ಬ್ಲೂಡಾಟ್ ಎಂಬ ಸಂಸ್ಥೆಯು ಸುದ್ದಿಗಳನ್ನೂ ವಿಮಾನಪ್ರಯಾಣದ ಅಂಕಿಗಳನ್ನೂ ಯಂತ್ರದಿಂದ ಓದಿಸಿ, 2019ರ ಡಿಸೆಂಬರ್ 31ರಂದೇ ವೂಹಾನ್ ನಗರದ ವಿಚಿತ್ರ ಜ್ವರದ ಬಗ್ಗೆ ತನ್ನ ಗ್ರಾಹಕರಿಗೆ ತಿಳಿಸಿತು. ಮೂರೇ ತಿಂಗಳಲ್ಲಿ ಜಗತ್ತಿನ ಅಂಗಡಿಗಳು ಬಾಗಿಲೆಳೆದವು. ಅರಿವು ಗ್ರಾಹಕರ ವಲಯದಲ್ಲಿ ನಿಂತಿದ್ದರೆ, ಅಥವಾ ಕೇಳಿದವರು ಅದರಂತೆ ನಡೆಯದಿದ್ದರೆ, ಜನಸಾಮಾನ್ಯರಿಗೆ ಅದು ಇದ್ದೂ ಇಲ್ಲದಂತೆ.

ಇದಕ್ಕೆ ಬದಲಾದ ದಾರಿಯೂ ನಮ್ಮಲ್ಲಿ ಉಂಟು. ಕರ್ನಾಟಕವು 1988ರಲ್ಲಿಯೇ ಬರ ಉಸ್ತುವಾರಿ ಘಟಕವನ್ನು ಸ್ಥಾಪಿಸಿತು. ಇಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿರುವ ಅದು ಗ್ರಾಮಪಂಚಾಯತಿಗಳ ಮಟ್ಟದಲ್ಲಿ ಮಳೆಮಾಪಕಗಳನ್ನಿರಿಸಿ ರೈತರಿಗೆ ಮಾಹಿತಿ ಒದಗಿಸುತ್ತಿದೆ. 2025ರ ಮುಂಗಾರಿನಲ್ಲಿ ಕೇಂದ್ರ ಕೃಷಿ ಸಚಿವಾಲಯವು ಯಂತ್ರಕಲಿಕೆಯಿಂದ ಸಿದ್ಧವಾದ ಮಳೆಯಾರಂಭದ ಮುನ್ಸೂಚನೆಯನ್ನು 13 ರಾಜ್ಯಗಳ ಸುಮಾರು 3.8 ಕೋಟಿ ರೈತರಿಗೆ ಮೊಬೈಲ್ ಸಂದೇಶವಾಗಿ ಕಳುಹಿಸಿತು. ಕೊಳ್ಳುವವನಿಗೆ ಮೊದಲೇ ತಿಳಿದು ಬೆಳೆಯುವವನಿಗೆ ತಿಳಿಯದಿದ್ದರೆ ಮುನ್ನರಿವು ಸುಲಿಗೆಯ ಉಪಕರಣವಾಗುತ್ತದೆ. ಇಬ್ಬರಿಗೂ ಒಟ್ಟಿಗೆ ತಿಳಿದಲ್ಲಿ ಅದೇ ರಕ್ಷೆಯಾಗುತ್ತದೆ. ಬರ ಬರಲಿದೆಯೆಂದು ತಿಳಿದ ವರ್ತಕನ ಮುಂದೆ ಎರಡು ದಾರಿಗಳಿವೆ. ಧಾನ್ಯವನ್ನು ಬಚ್ಚಿಟ್ಟು ಬೆಲೆಯೇರುವುದನ್ನು ಕಾಯಬಹುದು. ಅಥವಾ ಮುಂಚೆಯೇ ದೂರದಿಂದ ತರಿಸಿ ನ್ಯಾಯವಾದ ಲಾಭಕ್ಕೆ ಮಾರಬಹುದು. ಎರಡಕ್ಕೂ ಆಧಾರವಾಗುವ ಲೆಕ್ಕ ಒಂದೇ. ಯಾವ ದಾರಿ ಹಿಡಿಯಬೇಕೆಂಬುದನ್ನು ಯಂತ್ರವು ಹೇಳಲಾರದು.

ಲೆಕ್ಕ ತಪ್ಪಿದ ದಿನಕ್ಕೆ ಆಧಾರವೇನೆಂಬ ಪ್ರಶ್ನೆಗೆ ಕುಣಿಗಲ್ಲಿನ ದೊಡ್ಡ ಕೆರೆಯನ್ನು ನೋಡಬೇಕು. ಕೆರೆ ಕಟ್ಟಿದವರಿಗೆ ಯಾವ ವರ್ಷ ಎಷ್ಟು ಮಳೆಯೆಂಬುದು ತಿಳಿದಿರಲಿಲ್ಲ. ತಿಳಿಯದೆಂಬುದು ಮಾತ್ರ ಚೆನ್ನಾಗಿ ತಿಳಿದಿತ್ತು. ಆದುದರಿಂದ ನೀರನ್ನು ಅಳೆದು ಬಿಡಲು ತೂಬನ್ನೂ, ಎಣಿಕೆಗೆ ಮೀರಿದ ನೀರು ಏರಿಯನ್ನು ಒಡೆಯದೆ ಹೊರಹೋಗಲು ಕೋಡಿಯನ್ನೂ ಇಡುವುದು ನಮ್ಮ ಕೆರೆಗಳ ಕ್ರಮವಾಯಿತು. ಈ ಸೀಮೆಯ ರೈತರು ಒಳ್ಳೆಯ ವರ್ಷದ ರಾಗಿಯನ್ನು ಹಗೇವಿನಲ್ಲಿ ತುಂಬಿ ಕೆಟ್ಟ ವರ್ಷಕ್ಕೆ ಕಾದಿರಿಸುತ್ತಿದ್ದುದೂ ಇದೇ ವಿವೇಕದಿಂದ.

ಇಂದಿನ ಅಂಗಡಿಗೂ ಕಾರ್ಖಾನೆಗೂ, ಠೇವಣಿಯ ಬಡ್ಡಿಯಿಂದಲೋ ತೋಟದ ಉತ್ಪನ್ನದಿಂದಲೋ ನಿತ್ಯದ ಸೇವೆಗಳನ್ನು ನಡೆಸುವ ದೇವಾಲಯದ ಟ್ರಸ್ಟುಗಳಿಗೂ ಈ ಮಾತು ಸಲ್ಲುತ್ತದೆ. ಯಂತ್ರದ ಮುನ್ಸೂಚನೆಯನ್ನು ಆದರದಿಂದ ಕೇಳುವುದು ಯುಕ್ತ. ಅದು ಕೊಡುವ ಸಂಖ್ಯೆಯೊಡನೆ ಹಿಂದೆ ಎಷ್ಟು ಸಲ ತಪ್ಪಿದೆ, ಯಾವ ಬಗೆಯ ವರ್ಷದಲ್ಲಿ ತಪ್ಪಿದೆ ಎಂದು ವಿಚಾರಿಸುವುದು ಅಗತ್ಯ. ಆದಾಯವೆಲ್ಲವನ್ನೂ ಒಂದೇ ಬೆಳೆಗೆ, ಒಂದೇ ಪೇಟೆಗೆ, ಒಂದೇ ಹೂಡಿಕೆಗೆ ಕಟ್ಟದೆ ಒಂದು ಭಾಗವನ್ನು ಮುಟ್ಟದ ನಿಧಿಯಾಗಿ ಇರಿಸುವುದು ಕರ್ತವ್ಯ. ತಿಳಿದುಬಂದ ಅಪಾಯವನ್ನು ನೆರೆಯವನಿಗೂ ಬೆಳೆಗಾರನಿಗೂ ಆಳಿಗೂ ಸಕಾಲದಲ್ಲಿ ತಿಳಿಸುವುದು ಅದಕ್ಕಿಂತ ದೊಡ್ಡ ಕರ್ತವ್ಯ.