ಆವಿಗೆಯ ಕಾವು ಮತ್ತು ಎರೆನಾಡಿನ ಮಣ್ಣು

ಹಳ್ಳಿಯ ಹರವಿ ಅರೆಬೆಂದದ್ದು, 1,280 ಡಿಗ್ರಿಯಲ್ಲಿ ಸುಟ್ಟ ಸ್ಟೋನ್‌ವೇರ್ ಒಂದೇ ಪೂರ್ಣ ಬೆಂದದ್ದು ಎಂಬ ಮಾತು ಈಗ ನಗರದ ಕುಂಬಾರಿಕೆ ಕಾರ್ಯಾಗಾರಗಳಲ್ಲಿ ಚಾಲ್ತಿಯಲ್ಲಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಮಣ್ಣು ತುಳಿದವರು ಇದನ್ನು ಒಪ್ಪುವುದಿಲ್ಲ.

ಕಾವಿನ ಜ್ಞಾನ ಇಲ್ಲಿ ಹಳೆಯದು. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಅಗೆದು ತೆಗೆದ ಬೃಹತ್ ಶಿಲಾಯುಗದ ಕಪ್ಪು-ಕೆಂಪು ಮಡಕೆಗಳ ಗುಟ್ಟು ಹೆಚ್ಚು ಉಷ್ಣತೆಯಲ್ಲ, ಗಾಳಿಯ ಹಿಡಿತ. ಗಾಳಿ ಸಿಕ್ಕ ಹೊರಮೈಯ ಕಬ್ಬಿಣ ಕೆಂಪಾಯಿತು, ಉಸಿರು ಕಟ್ಟಿದ ಒಳಮೈ ಕಪ್ಪಾಯಿತು. ಹರಿಹರನ ರಗಳೆಯಲ್ಲಿ ಕುಂಬಾರ ಗುಂಡಯ್ಯನ ಮಡಕೆಯ ನಾದಕ್ಕೆ ಶಿವನೇ ಕುಣಿಯುತ್ತಾನೆ. ಚೆನ್ನಾಗಿ ಬೆಂದ ಮಡಕೆಯನ್ನು ದನಿಯಿಂದ ಗುರುತಿಸುವುದು ಇಂದಿಗೂ ಕುಂಬಾರರ ಪರೀಕ್ಷೆ. ಬೀದರಿನ ಮಹಮೂದ್ ಗವಾನ್ ಮದರಸಾದ (1472) ಬಣ್ಣದ ಗ್ಲೇಜ್ ಹಂಚುಗಳು ಗೋಡೆಯ ಮೇಲೇ ಉಳಿದವು, ಅಡುಗೆಮನೆಗೆ ಇಳಿಯಲಿಲ್ಲ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. 1886ರಲ್ಲಿ ಬರ್ಲಿನ್ನಿನ ಹರ್ಮನ್ ಸೆಗರ್ ಆವಿಗೆಯ ಕಾವು ಅಳೆಯಲು ರೂಪಿಸಿದ ಶಂಕುಗಳು ಉಷ್ಣತೆಯ ಜೊತೆಗೆ ಅದು ಎಷ್ಟು ಹೊತ್ತು ನಿಂತಿತು ಎಂಬುದನ್ನೂ ಲೆಕ್ಕಕ್ಕೆ ತಂದವು.

ನಮ್ಮ ತಲೆಮಾರಿನ ಅನೇಕರ ಪಾಲಿಗೆ ಶಾಲೆಯಾದದ್ದು ಖಾದಿ ಗ್ರಾಮೋದ್ಯೋಗ ಆಯೋಗದ ಖಾನಾಪುರದ ಕುಂಬಾರಿಕೆ ಸಂಸ್ಥೆ. ಮಣ್ಣಿನೊಳಗೆ ಏನಾಗುತ್ತದೆ ಎಂಬುದನ್ನು ಆ ಪಾಠಗಳು ಬಿಡಿಸಿ ಹೇಳಿದವು. ನೂರು ಡಿಗ್ರಿಯ ಆಸುಪಾಸಿನಲ್ಲಿ ಹಸಿನೀರು ಹೋಗುತ್ತದೆ. ಆಗ ಅವಸರ ಮಾಡಿದರೆ ಮಡಕೆ ಸಿಡಿಯುತ್ತದೆ. 450ರಿಂದ 600ರ ನಡುವೆ ಮಣ್ಣಿನ ರಚನೆಯಲ್ಲೇ ಸೇರಿದ ನೀರು ಹೊರಬೀಳುತ್ತದೆ; ಅಲ್ಲಿಂದ ಮುಂದೆ ಮಣ್ಣು ಮತ್ತೆ ಕೆಸರಾಗದು. 573ರಲ್ಲಿ ಮರಳಿನ ಕಣ ಒಮ್ಮೆಲೇ ಹಿಗ್ಗುತ್ತದೆ, ಆರುವಾಗ ಅಲ್ಲೇ ಕುಗ್ಗುತ್ತದೆ. ಬಿಸಿ ಆವಿಗೆಯನ್ನು ಬೇಗ ತೆರೆದವರ ಮಡಕೆ ಬಿರಿಯುವುದು ಇದರಿಂದಲೇ.

ನಮ್ಮ ಎರೆಮಣ್ಣಿನಲ್ಲಿ ಸುಣ್ಣದ ಹರಳು ಬಹಳ. ಲೋಕಾಪುರದ ಸುತ್ತಲಿನ ಸುಣ್ಣಕಲ್ಲು ಸಿಮೆಂಟಿಗೆ ಹೋಗುವಷ್ಟಿದೆ. ಕಾವು ಸುಮಾರು 800 ದಾಟಿದರೆ ಆ ಹರಳು ಸುಟ್ಟಸುಣ್ಣವಾಗುತ್ತದೆ, ಆಮೇಲೆ ಗಾಳಿಯ ತೇವ ಕುಡಿದು ಉಬ್ಬಿ ಮಡಕೆಯ ಮೈಯಿಂದ ಚಕ್ಕೆ ಎಬ್ಬಿಸುತ್ತದೆ. 1,100ರ ಆಚೆಗೆ ಸುಣ್ಣವೂ ಕಬ್ಬಿಣವೂ ಸೇರಿ ಮಣ್ಣನ್ನೇ ಕರಗಿಸಿ ಕುಸಿಯುವಂತೆ ಮಾಡುತ್ತವೆ. ಕುಳ್ಳು, ಕಬ್ಬಿನ ರವದಿ ಒಟ್ಟಿ ಮಂದ ಕಾವಿನಲ್ಲಿ ಸುಡುವ ಕುಂಬಾರ ಈ ಮಣ್ಣಿಗೆ ತಕ್ಕ ಉತ್ತರ ಕಂಡುಕೊಂಡಿದ್ದಾನೆ. ಆ ಕಾವಿನಲ್ಲಿ ಉಳಿದ ಸೂಕ್ಷ್ಮ ರಂಧ್ರಗಳಿಂದಲೇ ಹರವಿ ಬೆವರಿ ನೀರು ತಂಪಾಗುತ್ತದೆ. ಸ್ಟೋನ್‌ವೇರ್ ಹೂಜಿಗೆ ಈ ಗುಣವಿಲ್ಲ.

1971ರಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ ಪಾಂಡಿಚೇರಿಯಲ್ಲಿ ಆರಂಭಿಸಿದ ಗೋಲ್ಡನ್ ಬ್ರಿಡ್ಜ್ ಪಾಟರಿ ಹೆಚ್ಚಿನ ಕಾವಿನ ಗ್ಲೇಜಿಗೆ ದಕ್ಷಿಣ ಭಾರತದಲ್ಲಿ ದೊಡ್ಡ ಬಳಗವನ್ನೇ ಕಟ್ಟಿತು. ಆ ಕೆಲಸ ಶ್ರೇಷ್ಠ. ಅದನ್ನೇ ಎಲ್ಲ ಮಣ್ಣಿಗೂ ಅಳತೆಗೋಲು ಮಾಡಿದ್ದು ಅನುಯಾಯಿಗಳ ತಪ್ಪು. ಫೆಲ್ಡ್‌ಸ್ಪಾರ್ ಗ್ಲೇಜ್ ಕರಗಲು 1,200 ಡಿಗ್ರಿಯಾದರೂ ಬೇಕು, ನಮ್ಮ ಮಣ್ಣು ಅಲ್ಲಿಯವರೆಗೆ ನಿಲ್ಲದು. ಕಡಿಮೆ ಕಾವಿಗೆ ಸೀಸದ ಗ್ಲೇಜ್ ಸುಲಭ. ಆದರೆ ಹುಣಸೆ, ಮಜ್ಜಿಗೆಯ ಹುಳಿಗೆ ಸೀಸ ಬಿಡುವ ಪಾತ್ರೆಯನ್ನು ಊಟಕ್ಕೆ ಕೊಡಬಾರದು. ಉಳಿಯುವ ದಾರಿ ಬಿಳಿಗಾರವನ್ನು ಗಾಜಾಗಿಸಿ ಪುಡಿಮಾಡಿದ ಫ್ರಿಟ್. ಅದನ್ನೂ ಮಣ್ಣಿನ ಹಿಗ್ಗು-ಕುಗ್ಗಿಗೆ ಹೊಂದಿಸದಿದ್ದರೆ ಮೈತುಂಬ ಕೂದಲೆಳೆಯ ಬಿರುಕು.

ಈ ಹೊಂದಿಕೆಯ ಕೆಲಸ ನಮ್ಮ ಕಡೆ ನಡೆಯಬೇಕಾದಷ್ಟು ನಡೆದಿಲ್ಲ. ವಿದ್ಯುತ್ ತಿಗರಿ ಹಂಚುವ ಯೋಜನೆಗಳು ಬಂದವು, ಮಣ್ಣಿನ ಪರೀಕ್ಷೆ ಹಿಂದೆ ಬಿತ್ತು. ಆಲಮಟ್ಟಿ ಹಿನ್ನೀರು ಬೀಳಗಿ ತಾಲೂಕಿನ ನದಿದಂಡೆಗಳನ್ನು ಮುಳುಗಿಸಿದೆ. ಉಳಿದ ಕೆರೆ, ಹಳ್ಳ, ದಂಡೆಗಳ ಮಣ್ಣನ್ನು 700ರಿಂದ 1,050ರವರೆಗೆ ಐವತ್ತು ಡಿಗ್ರಿಗೊಮ್ಮೆ ಸುಟ್ಟು, ಕುಗ್ಗುವಿಕೆ, ನೀರು ಹೀರುವಿಕೆ, ಬಣ್ಣ ಬರೆದಿಡಲು ಒಂದು ಕಾಲೇಜಿನ ರಸಾಯನಶಾಸ್ತ್ರ ವಿಭಾಗ ಮತ್ತು ಒಂದು ಸಣ್ಣ ವಿದ್ಯುತ್ ಕುಲುಮೆ ಸಾಕು. ನಾಲ್ಕೂ ತಾಲೂಕುಗಳ ಅಧ್ಯಾಪಕರು ಕುಂಬಾರರನ್ನು ಜೊತೆಗೆ ಕೂರಿಸಿಕೊಂಡು ಈ ಕೆಲಸ ಕೈಗೆತ್ತಿಕೊಳ್ಳಲಿ.